ರಿಜಿಸ್ಟರ್ ಓದುವವರು ಯಾರು?

ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಗ್ರಾಮ ಆರೋಗ್ಯ ನರ್ಸುಗಳು 1990ರ ದಶಕದಲ್ಲಿ ಶಿಶುಮರಣದ ರಿಜಿಸ್ಟರು ತುಂಬುವಾಗ ಜ್ವರ, ಭೇದಿ, ಕಡಿಮೆ ತೂಕ ಎಂಬ ಮಾಮೂಲಿ ಕಾರಣಗಳ ಜೊತೆಗೆ ಇನ್ನೊಂದನ್ನೂ ಬರೆಯುತ್ತಿದ್ದರು: 'ಸಾಮಾಜಿಕ ಕಾರಣ'. ಹುಟ್ಟಿದ ಹೆಣ್ಣುಮಗುವನ್ನು ಮನೆಯವರೇ ಕೊಂದಿದ್ದಾರೆ ಎಂಬುದನ್ನು ಆರೋಗ್ಯ ಇಲಾಖೆಯ ಕಾಗದದ ಮೇಲೆ ಹೇಳುವ ರೀತಿ ಅದಾಗಿತ್ತು. ಬರೆದವಳು ಅದೇ ಊರುಗಳಲ್ಲಿ ಓಡಾಡಬೇಕಾದ ಹೆಂಗಸು, ಮರುವಾರ ಅದೇ ಬೀದಿಗೆ ಲಸಿಕೆ ಹಾಕಲು ಹೋಗಬೇಕಾದವಳು. ಆದರೂ ಬರೆದಳು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಈ ದಾಖಲೆಗಳನ್ನು ಒಟ್ಟುಗೂಡಿಸಿ ಓದಿದವರು ಐಎಎಸ್ ಅಧಿಕಾರಿ ಶೀಲಾ ರಾಣಿ ಚುಂಕತ್ ಮತ್ತು ಅರ್ಥಶಾಸ್ತ್ರಜ್ಞ ವಿ.ಬಿ. ಆತ್ರೇಯ. 1997ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ತಮಿಳುನಾಡಿನಲ್ಲಿ ವರ್ಷಕ್ಕೆ ಮೂರು ಸಾವಿರದ ಆಸುಪಾಸಿನಷ್ಟು ಹೆಣ್ಣುಶಿಶುಗಳ ಹತ್ಯೆ ನಡೆಯುತ್ತಿತ್ತು. ಅದರ ದೊಡ್ಡ ಪಾಲು ಧರ್ಮಪುರಿ, ಸೇಲಂ, ಮಧುರೈ ಕಡೆಯ ಕೆಲವೇ ಜಿಲ್ಲೆಗಳದ್ದು. ಅದುವರೆಗೆ ಪತ್ರಿಕೆಗಳಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದ ಸುದ್ದಿ ಯಾವ ಜಿಲ್ಲೆ, ಯಾವ ಬ್ಲಾಕು, ಎಷ್ಟನೆಯ ಮಗು ಎಂದು ಬೆರಳಿಟ್ಟು ತೋರಿಸಬಹುದಾದ ಲೆಕ್ಕವಾಯಿತು.

ಈ ಪಿಡುಗಿಗೆ ಸರ್ಕಾರ ಎರಡು ರೀತಿಯಲ್ಲಿ ಉತ್ತರ ಕೊಟ್ಟಿತು. ಮೊದಲನೆಯದು ದೇಶಕ್ಕೆಲ್ಲ ಗೊತ್ತು. 1992ರಲ್ಲಿ ಜಯಲಲಿತಾ ಸರ್ಕಾರ ಸೇಲಂ ಜಿಲ್ಲೆಯಲ್ಲಿ 'ತೊಟ್ಟಿಲು ಮಗು' ಯೋಜನೆ ಆರಂಭಿಸಿತು, ಆಮೇಲೆ ಧರ್ಮಪುರಿಗೂ ವಿಸ್ತರಿಸಿತು. ಹೆಣ್ಣುಮಗು ಬೇಡವಾದವರು ಕೊಲ್ಲುವ ಬದಲು ಆಸ್ಪತ್ರೆಯ ತೊಟ್ಟಿಲಲ್ಲಿ ಬಿಟ್ಟುಹೋಗಬಹುದಿತ್ತು. ಎಷ್ಟೋ ಮಕ್ಕಳ ಜೀವ ಉಳಿಯಿತು, ಅದನ್ನು ಕಡೆಗಣಿಸುವಂತಿಲ್ಲ. ಆದರೆ ತೊಟ್ಟಿಲು ನಿಂತದ್ದು ದಾರಿಯ ಕಟ್ಟಕಡೆಯಲ್ಲಿ. ಮನೆಯೊಳಗೆ ತೀರ್ಮಾನ ಆಗಿಹೋದ ಮೇಲೆ ಅದು ಕೈಚಾಚುತ್ತಿತ್ತು. ಎರಡನೆಯ ಉತ್ತರ ಅಷ್ಟು ಹೆಸರಾಗಲಿಲ್ಲ. 1997ರಿಂದ 1999ರ ನಡುವೆ ಧರ್ಮಪುರಿಯಲ್ಲಿ ಡೆನ್ಮಾರ್ಕಿನ ನೆರವಿನಲ್ಲಿ ನಡೆಯುತ್ತಿದ್ದ ಆರೋಗ್ಯ ಯೋಜನೆಯ ಅಂಗವಾಗಿ ಊರೂರಿಗೆ ಕಲಾಜಾಥಾ ಹೋಯಿತು. ಬೀದಿನಾಟಕ ಮುಗಿದಮೇಲೆ ಅದೇ ಊರಿನವರೊಡನೆ ಮಾತುಕತೆ ನಡೆಯಿತು. ಅದರ ಜೊತೆಗೇ ಗ್ರಾಮ ನರ್ಸುಗಳು ಈಗಾಗಲೇ ಹೆಣ್ಣುಮಕ್ಕಳಿರುವ ಮನೆಯ ಬಸುರಿಯರನ್ನು ಮೊದಲೇ ಗುರುತಿಸಿ, ಹೆರಿಗೆಗೆ ಮುಂಚೆಯೂ ಆಮೇಲೂ ಆ ಮನೆಗೆ ಹೋಗಿಬರುವ ಪದ್ಧತಿ ಬಂತು. ಸಾವಿನ ರಿಜಿಸ್ಟರಿನಿಂದ ತಿಳಿದದ್ದನ್ನು ಬಸುರಿಯರ ರಿಜಿಸ್ಟರಿಗೆ ಜೋಡಿಸಿದ್ದು ಇಲ್ಲಿಯ ಮುಖ್ಯ ಹೆಜ್ಜೆ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಧರ್ಮಪುರಿಯಲ್ಲಿ 826, ಸೇಲಂನಲ್ಲಿ 851 ಹೆಣ್ಣುಮಕ್ಕಳಿದ್ದರು. 2011ರ ಹೊತ್ತಿಗೆ ಎರಡೂ ಜಿಲ್ಲೆಗಳು 900ನ್ನು ದಾಟಿದ್ದವು. ಕೊಲೆ ಕಡಿಮೆಯಾಗಿ ಅದರ ಜಾಗಕ್ಕೆ ಸ್ಕ್ಯಾನಿಂಗ್ ಮತ್ತು ಗರ್ಭಪಾತವಷ್ಟೇ ಬಂದಿದ್ದರೆ ಈ ಸಂಖ್ಯೆ ಏರುತ್ತಿರಲಿಲ್ಲ. ಏರಿಕೆಗೆ ನರ್ಸುಗಳಷ್ಟೇ ಕಾರಣ ಎಂದು ಯಾರೂ ಹೇಳಲಾರರು, ಕೂಲಿ, ಓದು, ಕಾನೂನು ಎಲ್ಲವೂ ಸೇರಿವೆ. ಆದರೆ ಎಲ್ಲಿ ಕೈಹಾಕಬೇಕು ಎಂದು ತೋರಿಸಿದ್ದು ಆ ಎರಡು ಪದಗಳ ದಾಖಲೆ.

ಆಸ್ಪತ್ರೆಗಳಲ್ಲಿ, ಆರೋಗ್ಯ ಇಲಾಖೆಗಳಲ್ಲಿ ಕೆಲಸದ ಕ್ರಮವನ್ನು ಸುಧಾರಿಸುವ ಪ್ರಯತ್ನಗಳು ಯಾಕೆ ಕೆಲವೆಡೆ ಗೆಲ್ಲುತ್ತವೆ, ಯಾಕೆ ಬಹಳ ಕಡೆ ಸೋಲುತ್ತವೆ ಎಂಬ ಪ್ರಶ್ನೆಗೆ ಉತ್ತರ ಈ ಕತೆಯಲ್ಲೇ ಇದೆ ಎಂದು ನನ್ನ ವಾದ. ಹೊಸ ಫಾರಂ, ಹೊಸ ಆ್ಯಪ್, ಹೊಸ ಸುತ್ತೋಲೆ ತಾನಾಗಿ ಏನನ್ನೂ ಮಾಡುವುದಿಲ್ಲ. ಕೆಲಸ ಮಾಡುವವಳು ನಿಜ ಬರೆದರೆ ಅವಳಿಗೆ ಕೇಡಾಗಬಾರದು. ಬರೆದದ್ದನ್ನು ಏನಾದರೂ ಮಾಡಬಲ್ಲ ಅಧಿಕಾರವಿರುವವರು ಓದಬೇಕು. ಓದಿದವರು ಕಳಿಸಿಕೊಡುವುದು ಬೈಗುಳವಾಗಿರದೆ ಔಷಧಿ, ರಕ್ತ, ಇನ್ನೊಬ್ಬ ನರ್ಸು, ಗಾಡಿ ಇಂಥ ಏನಾದರೊಂದು ಆಗಿರಬೇಕು. ಈ ಮೂರರಲ್ಲಿ ಒಂದು ಕಡಿದರೂ ಸುಧಾರಣೆ ಬರಿಯ ಬರವಣಿಗೆಯ ಹೊರೆಯಾಗುತ್ತದೆ, ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ತಾಯಂದಿರ ಸಾವಿನ ಪರಿಶೀಲನೆಯನ್ನು ನೋಡಿ. ತಮಿಳುನಾಡು ಇದನ್ನು 1990ರ ದಶಕದ ನಡುವಿನಲ್ಲಿ ಆರಂಭಿಸಿ 2004ರಲ್ಲಿ ಕಡ್ಡಾಯ ಮಾಡಿತು. ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಇಂಥ ಮಾರ್ಗಸೂಚಿ ತಂದದ್ದು 2010ರಲ್ಲಿ. ಬಸುರಿ ಅಥವಾ ಬಾಣಂತಿ ಸತ್ತರೆ, ಮನೆಯಲ್ಲಿ ಸತ್ತಿರಲಿ, ದಾರಿಯಲ್ಲಿ ಸತ್ತಿರಲಿ, ಖಾಸಗಿ ಆಸ್ಪತ್ರೆಯಲ್ಲಿ ಸತ್ತಿರಲಿ, ಒಂದು ದಿನದೊಳಗೆ ವರದಿ ಹೋಗಬೇಕು. ಆಮೇಲೆ ಆರೋಗ್ಯ ಸಿಬ್ಬಂದಿ ಅವಳ ಮನೆಗೆ ಹೋಗಿ, ನೋವು ಯಾವಾಗ ಶುರುವಾಯಿತು, ಯಾರಿಗೆ ಹೇಳಿದಳು, ಗಾಡಿ ಎಷ್ಟು ಹೊತ್ತಿಗೆ ಬಂತು, ಮೊದಲು ಹೋದ ಆಸ್ಪತ್ರೆಯಲ್ಲಿ ಏನು ಮಾಡಿದರು, ಎಷ್ಟು ಹೊತ್ತು ಕಾಯಿಸಿದರು ಎಂದು ಮನೆಯವರಿಂದ ಕೇಳಿ ಬರೆದುಕೊಳ್ಳಬೇಕು. ಜಿಲ್ಲಾಧಿಕಾರಿಯ ಮಟ್ಟದಲ್ಲಿ ನಡೆಯುವ ಪರಿಶೀಲನೆಗೆ ಸತ್ತವಳ ಸಂಬಂಧಿಕರನ್ನೂ ಕರೆಯಲಾಗುತ್ತದೆ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ 'ಬರುವಾಗಲೇ ಸ್ಥಿತಿ ಗಂಭೀರ' ಎಂದಷ್ಟೇ ಇರುವಲ್ಲಿ, ಗಂಡನ ಬಾಯಿಂದ ಎರಡು ಆಸ್ಪತ್ರೆಗಳು ಬಾಗಿಲಲ್ಲೇ ವಾಪಸು ಕಳಿಸಿದ ಕತೆ ಹೊರಬೀಳಬಹುದು. ಸಾವಿನ ವೈದ್ಯಕೀಯ ಕಾರಣ ರಕ್ತಸ್ರಾವ ಎಂದಾದರೆ, ನಿಜವಾದ ಕಾರಣ ತಡ ಎಂದು ಗೊತ್ತಾಗುವುದು ಇಂಥ ಕಡೆ. ಮನೆ ಬಿಡಲು ತಡ, ತಲುಪಲು ತಡ, ತಲುಪಿದ ಮೇಲೆ ಚಿಕಿತ್ಸೆಗೆ ತಡ.

ಈ ಪರಿಶೀಲನೆಗಳು ನಡೆದ ಕಾಲದಲ್ಲೇ ತಮಿಳುನಾಡು ಮಾಡಿದ್ದೇನು ಎಂಬುದು ಹೆಚ್ಚು ಮುಖ್ಯ. ರಾತ್ರಿ ಹೊತ್ತು ಬಾಗಿಲು ಹಾಕಿರುತ್ತಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮೂವರು ಸ್ಟಾಫ್ ನರ್ಸುಗಳನ್ನು ಕೊಟ್ಟು ಪಾಳಿಯ ಮೇಲೆ ದಿನದ 24 ಗಂಟೆಯೂ ಹೆರಿಗೆ ನಡೆಯುವಂತೆ ಮಾಡಿದರು. ಒಬ್ಬರನ್ನು ಕೊಟ್ಟು 24 ಗಂಟೆ ಎಂದು ಬೋರ್ಡು ಹಾಕುವುದು ಸುಲಭವಿತ್ತು, ಮೂವರನ್ನು ಕೊಟ್ಟದ್ದರಿಂದ ಅದು ನಿಜವಾಯಿತು. ಸಿಸೇರಿಯನ್ ಮತ್ತು ರಕ್ತ ಎರಡೂ ಸಿಗುವ ತುರ್ತು ಹೆರಿಗೆ ಕೇಂದ್ರಗಳನ್ನು ಜಿಲ್ಲೆಗಳಲ್ಲಿ ಗುರುತಿಸಿದರು. ಅರಿವಳಿಕೆ ತಜ್ಞರು ಸಿಗದ ಕಡೆ ಖಾಸಗಿಯವರನ್ನು ಹಣ ಕೊಟ್ಟು ಕರೆಸುವ, ಎಂಬಿಬಿಎಸ್ ವೈದ್ಯರಿಗೇ ಅರಿವಳಿಕೆ ಕೊಡುವ ತರಬೇತಿ ನೀಡುವ ವ್ಯವಸ್ಥೆಯಾಯಿತು. 2004ರಲ್ಲಿ ಹೆರಿಗೆ ಕೋಣೆಯೊಳಗೆ ಬಸುರಿಯ ಜೊತೆ ಅವಳ ಕಡೆಯ ಒಬ್ಬ ಹೆಂಗಸು ಇರಬಹುದೆಂದು ಆದೇಶ ಬಂತು. ಆರೋಗ್ಯ ಕೇಂದ್ರಗಳಲ್ಲೇ ಬಳೆ ತೊಡಿಸಿ ಸೀಮಂತ ಮಾಡುವ ಪದ್ಧತಿಯೂ ಬೆಳೆಯಿತು. ಕೇಳಲು ಸಣ್ಣ ವಿಷಯ, ಆದರೆ ಹೆರಿಗೆಗೆ ಎಲ್ಲಿ ಹೋಗಬೇಕು ಎಂದು ಮನೆಯ ಹಿರಿಯ ಹೆಂಗಸರು ತೀರ್ಮಾನಿಸುವ ಊರುಗಳಲ್ಲಿ ಆ ಹಿರಿಯರು ಆರೋಗ್ಯ ಕೇಂದ್ರದ ಒಳಗೆ ಕಾಲಿಟ್ಟು ನರ್ಸಿನ ಮುಖ ನೋಡುವುದು ದೊಡ್ಡ ಬದಲಾವಣೆ. 2001–03ರಲ್ಲಿ ತಮಿಳುನಾಡಿನಲ್ಲಿ ಲಕ್ಷ ಜೀವಂತ ಜನನಗಳಿಗೆ 134 ತಾಯಂದಿರು ಸಾಯುತ್ತಿದ್ದರು, 2018–20ರಲ್ಲಿ 54.

ಇದಕ್ಕೆ ಎದುರಾಗಿ ಚೆಕ್‌ಲಿಸ್ಟಿನ ಕತೆಯನ್ನು ಇಟ್ಟು ನೋಡಬೇಕು. ಹೆರಿಗೆಯ ಹೊತ್ತಿನಲ್ಲಿ ಮರೆಯಬಾರದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಒಂದೊಂದಾಗಿ ಗುರುತು ಹಾಕುತ್ತ ಹೋಗುವ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿತು. ಅದನ್ನು ಮೊದಲು ಪರೀಕ್ಷಿಸಿದ ಜಾಗಗಳಲ್ಲಿ ಕರ್ನಾಟಕದ ಒಂದು ಹೆರಿಗೆ ಆಸ್ಪತ್ರೆಯೂ ಸೇರಿತ್ತು. 2010ರಲ್ಲಿ ಅಲ್ಲಿ ನಡೆದ ಪ್ರಯೋಗದಲ್ಲಿ, ಪಟ್ಟಿ ಬರುವ ಮುಂಚೆ 29 ಕೆಲಸಗಳಲ್ಲಿ ಸರಾಸರಿ 10 ನಡೆಯುತ್ತಿದ್ದವು, ಬಂದ ಮೇಲೆ 25. ಹೆರಿಗೆಗೆ ಮುಂಚೆ ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು, ಮಗುವಿಗೆ ಬೇಗ ಹಾಲುಣಿಸುವುದು ಇಂಥವೇ ಆ ಕೆಲಸಗಳು. ಫಲಿತಾಂಶ ನೋಡಿ ಎಲ್ಲರಿಗೂ ಭರವಸೆ ಮೂಡಿತು. ಹಾಗಾಗಿ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಆಸ್ಪತ್ರೆಗಳಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ಹೆರಿಗೆಗಳ ಮೇಲೆ ಅದರ ದೊಡ್ಡ ಪರೀಕ್ಷೆ ನಡೆಯಿತು. ಅರ್ಧದಷ್ಟು ಆಸ್ಪತ್ರೆಗಳಿಗೆ ಪಟ್ಟಿಯ ಜೊತೆ ಎಂಟು ತಿಂಗಳು ತರಬೇತುದಾರರು ಬಂದು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. 2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡು ತಿಂಗಳ ಹೊತ್ತಿಗೆ ಪಟ್ಟಿ ಇದ್ದಲ್ಲಿ ಶೇ 73ರಷ್ಟು ಕೆಲಸ ನಡೆಯುತ್ತಿತ್ತು, ಇಲ್ಲದಲ್ಲಿ ಶೇ 42. ಹನ್ನೆರಡು ತಿಂಗಳ ಹೊತ್ತಿಗೆ, ತರಬೇತುದಾರರು ಹೋದ ಮೇಲೆ, ಪಟ್ಟಿ ಇದ್ದಲ್ಲಿ ಅದು ಶೇ 62ಕ್ಕೆ ಇಳಿಯಿತು. ಆದರೆ ಸಾವು ಮತ್ತು ತಾಯಿಯ ಗಂಭೀರ ತೊಂದರೆ ಎರಡೂ ಕಡೆ ಒಂದೇ ಇದ್ದವು, ಶೇ 15ರ ಆಸುಪಾಸು.

ಈ ಫಲಿತಾಂಶ ಓದಿ ಚೆಕ್‌ಲಿಸ್ಟು ನಿರುಪಯುಕ್ತ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪಟ್ಟಿ ತನ್ನ ಕೆಲಸ ಮಾಡಿದೆ: ಕೈ ತೊಳೆಯುವುದನ್ನು ನೆನಪಿಸಿದೆ, ನರ್ಸುಗಳು ನೆನಪಿಟ್ಟುಕೊಂಡಿದ್ದಾರೆ. ಆದರೆ ರಕ್ತ ಬೇಕು ಎಂದು ಪಟ್ಟಿ ಹೇಳಿದಾಗ ರಕ್ತ ಇರಬೇಕು. ಮಗು ಅಳುತ್ತಿಲ್ಲ ಎಂದು ಗುರುತು ಹಾಕಿದಾಗ ಅದಕ್ಕೆ ಉಸಿರು ಕೊಡುವ ಕೈಚಳಕ ಇರಬೇಕು. ಮೇಲಿನ ಆಸ್ಪತ್ರೆಗೆ ಕಳಿಸು ಎಂದಾಗ ಅಲ್ಲಿ ಸಿಸೇರಿಯನ್ ಮಾಡುವವರು ಎದ್ದಿರಬೇಕು. ಪಟ್ಟಿ ಇವನ್ನು ಕೊಡಲಿಲ್ಲ, ಕೊಡುವುದು ಅದರ ಕೈಯಲ್ಲೂ ಇರಲಿಲ್ಲ. ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟಿಗೂ ಇದೇ ಆಯಿತು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವು ಶೇ 1.5ರಿಂದ 0.8ಕ್ಕೆ ಇಳಿದಿತ್ತು. ಕೆನಡಾದ ಒಂಟಾರಿಯೊ ಪ್ರಾಂತ್ಯ ಸರ್ಕಾರಿ ಆದೇಶದ ಮೂಲಕ ಅದನ್ನು ನೂರು ಆಸ್ಪತ್ರೆಗಳಿಗೆ ತಂದಾಗ, ಬಹುತೇಕ ಎಲ್ಲ ಆಸ್ಪತ್ರೆಗಳೂ ಪಟ್ಟಿ ಪಾಲಿಸುತ್ತಿದ್ದೇವೆ ಎಂದು ವರದಿ ಕೊಟ್ಟವು, ಸಾವಿನ ಪ್ರಮಾಣ ಮಾತ್ರ ಗಣನೀಯವಾಗಿ ಕದಲಲಿಲ್ಲ. ಅಲ್ಲಿ ಬಡತನವಿರಲಿಲ್ಲ, ಸಲಕರಣೆಗಳ ಕೊರತೆ ಇರಲಿಲ್ಲ. ಹಾಳೆ ಮೇಲಿನಿಂದ ಬಂತು, ಅದನ್ನು ತುಂಬಿ ಮೇಲಕ್ಕೆ ಕಳಿಸಿದರು. ಕೆಲಸ ಮಾಡುವವರು ಅದನ್ನು ತಮ್ಮದೆಂದು ಕೂತು ಚರ್ಚಿಸಿ ತಿದ್ದಿಕೊಳ್ಳುವ ಹೊತ್ತು ಆದೇಶದಲ್ಲಿ ಇರಲಿಲ್ಲ.

ವ್ಯಕ್ತಿಗಳ ಒಳ್ಳೆಯತನವನ್ನು ನೆಚ್ಚಿಕೊಳ್ಳದೆ ನಿಂತ ಸುಧಾರಣೆಗೂ ತಮಿಳುನಾಡಿನಲ್ಲೇ ಉದಾಹರಣೆಯಿದೆ. 1994ರಲ್ಲಿ ನೋಂದಣಿಯಾಗಿ ಮರುವರ್ಷ ಕೆಲಸ ಶುರುಮಾಡಿದ ತಮಿಳುನಾಡು ವೈದ್ಯಕೀಯ ಸೇವಾ ನಿಗಮ ಔಷಧಿ ಖರೀದಿಯ ಕ್ರಮವನ್ನೇ ಬದಲಿಸಿತು. ಅದಕ್ಕೆ ಮೊದಲು ಮೇಲಿನವರು ಕಳಿಸಿದ್ದೇ ಔಷಧಿ. ಕೆಮ್ಮಿನ ಔಷಧಿ ರಾಶಿ ಬಿದ್ದಿರುವಲ್ಲಿ ಆ್ಯಂಟಿಬಯಾಟಿಕ್ ಇರುತ್ತಿರಲಿಲ್ಲ. ನಿಗಮ ಪ್ರತಿ ಆಸ್ಪತ್ರೆಗೂ ಬ್ಯಾಂಕಿನ ಪಾಸ್‌ಬುಕ್ಕಿನಂಥದೊಂದು ಪುಸ್ತಕ ಕೊಟ್ಟಿತು. ಅದರಲ್ಲಿ ಆ ಆಸ್ಪತ್ರೆಯ ಪಾಲಿನ ಹಣ ನಮೂದಾಗಿರುತ್ತದೆ. ತನಗೆ ಬೇಕಾದ ಔಷಧಿಯನ್ನು ಜಿಲ್ಲಾ ಗೋದಾಮಿನಿಂದ ತಂದುಕೊಂಡು ಅದರಲ್ಲಿ ಕಳೆದುಕೊಳ್ಳಬೇಕು. ತಂದ ಪ್ರತಿ ಬ್ಯಾಚಿನ ಮಾದರಿಯೂ ಕಂಪನಿಯ ಹೆಸರು ಕಾಣದಂತೆ ಪ್ರಯೋಗಾಲಯಕ್ಕೆ ಹೋಗುತ್ತದೆ, ಅಲ್ಲಿಂದ ಸರಿ ಎಂದು ಬಂದ ಮೇಲೆಯೇ ವಿತರಣೆ. ಮಾತ್ರೆಯ ಪಟ್ಟಿಯ ಮೇಲೆ ಸರ್ಕಾರದ ಗುರುತು ಮುದ್ರಿಸಿರುವುದರಿಂದ ಹೊರಗೆ ಮಾರುವುದು ಕಷ್ಟ. ಹಳ್ಳಿಯ ಆರೋಗ್ಯ ಕೇಂದ್ರದ ಫಾರ್ಮಸಿಸ್ಟು ಈಗ ಬಂದದ್ದನ್ನು ಎಣಿಸಿಕೊಳ್ಳುವ ಗುಮಾಸ್ತನಾಗಿ ಉಳಿಯಲಿಲ್ಲ, ತನ್ನ ಊರಿನ ರೋಗಗಳನ್ನು ನೋಡಿ ಆರಿಸುವವನಾದ. ಕೇರಳ, ರಾಜಸ್ಥಾನ, ಕರ್ನಾಟಕ ಎಲ್ಲವೂ ಆಮೇಲೆ ಇಂಥ ನಿಗಮ ಕಟ್ಟಿಕೊಂಡವು.

ಕಟ್ಟಿಕೊಂಡದ್ದಷ್ಟೇ ಸಾಲದು ಎಂಬುದಕ್ಕೆ ನಮ್ಮ ಬಳ್ಳಾರಿಯೇ ಸಾಕ್ಷಿ. 2024ರ ನವೆಂಬರಿನಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸರ್ಕಾರವೇ ಶಂಕೆ ವ್ಯಕ್ತಪಡಿಸಿ ಅದರ ಬಳಕೆ ನಿಲ್ಲಿಸಿತು. ಕರ್ನಾಟಕಕ್ಕೂ ನಿಗಮವಿದೆ, ಗೋದಾಮುಗಳಿವೆ, ಪರೀಕ್ಷೆಯ ನಿಯಮವಿದೆ. ಹೊರಗಿನ ಆಕಾರ ಒಂದೇ. ಸಂದೇಹ ಎದ್ದ ಕೂಡಲೇ ಆ ಔಷಧಿ ವಾರ್ಡಿನ ಕಪಾಟಿನಿಂದ ಇಳಿಯುತ್ತದೆಯೋ ಇಲ್ಲವೋ, ವಾರ್ಡಿನ ನರ್ಸು 'ಈ ಬಾಟಲಿ ಹಾಕಿದ ಮೇಲೆ ಚಳಿ ಬರುತ್ತಿದೆ' ಎಂದರೆ ಅದನ್ನು ಕೇಳಿಸಿಕೊಳ್ಳುವವರು ಇದ್ದಾರೋ ಇಲ್ಲವೋ ಎಂಬುದರಲ್ಲಿ ವ್ಯತ್ಯಾಸ ಇರುತ್ತದೆ. ಆಕಾರವನ್ನು ನಕಲು ಮಾಡಿ ಒಳಗಿನ ಕೇಳುವ ಕಿವಿಯನ್ನು ಬಿಟ್ಟುಬರುವುದು ಸುಧಾರಣೆಗಳು ಸೋಲುವ ಅತಿ ಸಾಮಾನ್ಯ ದಾರಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಭಯವಿಲ್ಲದೆ ಸರ್ಕಾರಿ ನೌಕರರು ಕೆಲಸ ಮಾಡುವುದಿಲ್ಲ, ಸಾವಿಗೆ ಕಾರಣರಾದವರಿಗೆ ಶಿಕ್ಷೆಯಾಗದಿದ್ದರೆ ನ್ಯಾಯವೆಲ್ಲಿ ಎಂದು ಕೇಳುವವರಿದ್ದಾರೆ. ಹೆಂಡತಿಯನ್ನೋ ಮಗಳನ್ನೋ ಕಳೆದುಕೊಂಡವರು ಹಾಗೆ ಕೇಳಿದರೆ ಅದು ಅವರ ಹಕ್ಕು. ಕುಡಿದು ಡ್ಯೂಟಿಗೆ ಬಂದವರನ್ನು, ಲಂಚ ಕೊಡುವವರೆಗೂ ಬಸುರಿಯನ್ನು ಮುಟ್ಟದವರನ್ನು ಶಿಕ್ಷಿಸಲೇಬೇಕು. ಆದರೆ ಶಿಕ್ಷೆಯ ವ್ಯವಸ್ಥೆ ಮತ್ತು ಕಲಿಕೆಯ ವ್ಯವಸ್ಥೆ ಒಂದೇ ಕಾಗದದ ಮೇಲೆ ನಡೆದರೆ ಕಾಗದ ಸುಳ್ಳು ಹೇಳಲು ಕಲಿಯುತ್ತದೆ. ಕುಟುಂಬ ಯೋಜನೆಯ ಗುರಿಗಳ ಕಾಲ ಇದಕ್ಕೆ ದೊಡ್ಡ ಪಾಠ. ಇಷ್ಟು ಆಪರೇಷನ್, ಇಷ್ಟು ವಂಕಿ ಎಂದು ಪ್ರತಿ ಆರೋಗ್ಯ ಸಹಾಯಕಿಗೂ ಗುರಿ ಕೊಟ್ಟು, ಮುಟ್ಟದಿದ್ದರೆ ಸಂಬಳ ತಡೆಯುವ ಬೆದರಿಕೆ ಹಾಕುತ್ತಿದ್ದ ದಶಕಗಳಲ್ಲಿ ಅಂಕಿಗಳು ಉಬ್ಬಿದವು, ಹೆಂಗಸರ ಆರೋಗ್ಯ ಹಿಂದೆ ಬಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಆ ಗುರಿಗಳನ್ನೇ ಕೈಬಿಟ್ಟಿತು. 'ಸಾಮಾಜಿಕ ಕಾರಣ' ಎಂದು ಬರೆದ ಪ್ರತಿ ನರ್ಸಿಗೂ ಅಂದೇ ನೋಟಿಸು ಹೋಗಿದ್ದರೆ ಮರುತಿಂಗಳು ಧರ್ಮಪುರಿಯ ಹೆಣ್ಣುಮಕ್ಕಳೆಲ್ಲ ಕಾಗದದ ಮೇಲೆ ಜ್ವರ ಬಂದು ಸತ್ತಿರುತ್ತಿದ್ದರು. ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ಒಂದು ಸಾವಿಗೆ ಒಬ್ಬ ಕಿರಿಯ ನರ್ಸನ್ನು ಅಮಾನತು ಮಾಡಿದ ದಿನ ಇಲಾಖೆ ಏನೋ ಮಾಡಿತು ಎಂದು ಪತ್ರಿಕೆಗಳಲ್ಲಿ ಬರುತ್ತದೆ. ರಕ್ತವಿಲ್ಲದ ಆಸ್ಪತ್ರೆ ಮಾತ್ರ ಮರುದಿನವೂ ರಕ್ತವಿಲ್ಲದೆಯೇ ಬಾಗಿಲು ತೆರೆಯುತ್ತದೆ.

ಇನ್ನೊಂದು ಆಕ್ಷೇಪ: ತಮಿಳುನಾಡಿಗೆ ದುಡ್ಡಿದೆ, ರಸ್ತೆಗಳಿವೆ, 1939ರಿಂದಲೇ ಸಾರ್ವಜನಿಕ ಆರೋಗ್ಯ ಕಾಯ್ದೆಯಿದೆ, ಅದಕ್ಕೆಂದೇ ಪ್ರತ್ಯೇಕ ನಿರ್ದೇಶನಾಲಯ ಮತ್ತು ತರಬೇತಾದ ಅಧಿಕಾರಿಗಳಿದ್ದಾರೆ, ಬೇರೆಯವರಿಗೆ ಅದು ಮಾದರಿಯಾಗದು. ಮೇಲಾಗಿ ಕರ್ನಾಟಕದ ಇಳಿಕೆ ತಮಿಳುನಾಡಿನದಕ್ಕಿಂತ ಹೆಚ್ಚು. ಅದು ನಿಜ. 2001–03ರಲ್ಲಿ ಕರ್ನಾಟಕದ ತಾಯಿ ಮರಣ ಪ್ರಮಾಣ 228 ಇತ್ತು, 2018–20ರಲ್ಲಿ 69ಕ್ಕೆ ಬಂತು. ಪ್ರತಿಶತ ಲೆಕ್ಕದಲ್ಲಿ ಇದು ತಮಿಳುನಾಡನ್ನು ಮೀರಿಸಿದ ಸಾಧನೆ, ಅದನ್ನು ಸಾಧಿಸಿದ ನಮ್ಮ ಆಶಾ ಕಾರ್ಯಕರ್ತೆಯರಿಗೆ, ಆರೋಗ್ಯ ಸಹಾಯಕಿಯರಿಗೆ ಅದರ ಹೆಸರು ಸಲ್ಲಬೇಕು. ಆದರೆ ಮನೆಯಲ್ಲಿ ಹೆರುತ್ತಿದ್ದವರು ಆಸ್ಪತ್ರೆಗೆ ಬರತೊಡಗಿದಾಗ ಆಗುವ ಇಳಿಕೆ ಒಂದು ಬಗೆಯದು. ಎಲ್ಲರೂ ಆಸ್ಪತ್ರೆಗೆ ಬಂದಾದ ಮೇಲೆ ಉಳಿದ ಸಾವುಗಳನ್ನು ತಡೆಯುವುದು ಬೇರೆ ಬಗೆಯ ಕೆಲಸ. ಆ ಸಾವುಗಳು ಆಸ್ಪತ್ರೆಯ ಒಳಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಆಗುತ್ತವೆ. ಅಲ್ಲಿ ರಸ್ತೆಗಿಂತ, ದುಡ್ಡಿಗಿಂತ ಹೆಚ್ಚಾಗಿ ಕೆಲಸದ ಕ್ರಮವೇ ತಾಯಿಯನ್ನು ಉಳಿಸಬೇಕು. ಕೇರಳ ಅದೇ ಅವಧಿಯಲ್ಲಿ 19ಕ್ಕೆ ಬಂದಿತ್ತು.

ದುಡ್ಡಿನ ವಾದಕ್ಕೆ ಧರ್ಮಪುರಿ ಜಿಲ್ಲೆಯೊಳಗೇ ಉತ್ತರವಿದೆ. ಹರೂರಿನ ಆಚೆ, ಸಿತ್ತೇರಿ ಮತ್ತು ಕಲ್ವರಾಯನ್ ಬೆಟ್ಟಗಳ ನಡುವಿನ ಸಿತ್ತಿಲಿಂಗಿ ಕಣಿವೆಗೆ ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ರೆಜಿ ದಂಪತಿ ಬಂದದ್ದು 1990ರ ದಶಕದ ಆರಂಭದಲ್ಲಿ. ಅಲ್ಲಿರುವವರು 'ಮಲೆಯಾಳಿ' ಬುಡಕಟ್ಟಿನವರು ಮತ್ತು ಲಂಬಾಣಿಗಳು. ಹೆಸರು ಕೇಳಿ ಕೇರಳದವರೆಂದು ತಿಳಿಯಬಾರದು, ಮಲೆಯನ್ನು ಆಳುವವರು ಎಂಬ ಅರ್ಥದ ಹೆಸರದು. ಆಗ ಅವರಿಗೆ ಆಸ್ಪತ್ರೆ ಎಂದರೆ ಸುಮಾರು 50 ಕಿಲೊಮೀಟರು. ಹುಟ್ಟಿದ ಸಾವಿರ ಮಕ್ಕಳಲ್ಲಿ 147 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು ಎಂದು ಅವರ ಸಂಸ್ಥೆಯಾದ ಟ್ರೈಬಲ್ ಹೆಲ್ತ್ ಇನಿಶಿಯೇಟಿವ್‌ನ ಲೆಕ್ಕ. ಹುಲ್ಲು ಹೊದಿಸಿದ ಗುಡಿಸಲಿನಲ್ಲಿ ಚಿಕಿತ್ಸೆ ಶುರುವಾಯಿತು. ಹೊರಗಿನ ನರ್ಸುಗಳು ಬಂದು ನಿಲ್ಲುವುದಿಲ್ಲ ಎಂದು ಗೊತ್ತಾದಾಗ ಕಣಿವೆಯ ಹುಡುಗಿಯರನ್ನೇ ತರಬೇತು ಮಾಡಿದರು. ಊರಿನ ಹಿರಿಯ ಹೆಂಗಸರು ಆರೋಗ್ಯ ಕಾರ್ಯಕರ್ತೆಯರಾಗಿ ಮನೆಮನೆಗೆ ಹೋಗಿ ಬಸುರಿಯರ, ಕೂಸುಗಳ ಸುದ್ದಿ ತರತೊಡಗಿದರು. ಸುದ್ದಿ ತಂದವಳೇ ಅದರ ಪರಿಹಾರವನ್ನೂ ಹೊತ್ತುಕೊಂಡು ಹಿಂದಿರುಗುತ್ತಿದ್ದಳು. ಕಾಯಿಲೆಗಳ ಲೆಕ್ಕ ನೋಡುತ್ತ ಅವುಗಳ ಬೇರು ಊಟದಲ್ಲಿ, ಸಾಲದಲ್ಲಿ ಇದೆ ಎಂದು ಕಂಡಾಗ, ಆಸ್ಪತ್ರೆಯವರು 2004ರ ಹೊತ್ತಿಗೆ ರೈತರ ಸಾವಯವ ಕೃಷಿ ಸಂಘ ಕಟ್ಟಲು ಕೈಜೋಡಿಸಿದರು. ಆಮೇಲೆ ಲಂಬಾಣಿ ಹೆಂಗಸರ ಕಸೂತಿಗೆ 'ಪೊರ್ಗೈ' ಎಂಬ ಸಂಸ್ಥೆಯೂ ಬಂತು. ಶಿಶುಮರಣ ಈಗ 20ರ ಆಸುಪಾಸಿಗೆ ಇಳಿದಿದೆ ಎಂದು ಸಂಸ್ಥೆ ಹೇಳುತ್ತದೆ. ಇಬ್ಬರು ಅಪರೂಪದ ವೈದ್ಯರಿದ್ದ ಕಡೆ ಮಾತ್ರ ಇದು ಸಾಧ್ಯ ಎಂದು ತಳ್ಳಿಹಾಕಬಹುದು. ಅಂಥವರು ಎಲ್ಲೆಡೆ ಸಿಗುವುದಿಲ್ಲ, ಒಪ್ಪಿದೆ. ಆದರೆ ಅವರು ಅನುಸರಿಸಿದ ಕ್ರಮ ಅಪರೂಪದ್ದಲ್ಲ. ಅದಕ್ಕೆ ಬೇಕಾದದ್ದು ತ್ಯಾಗಕ್ಕಿಂತ ಹೆಚ್ಚಾಗಿ, ಕೆಳಗಿನಿಂದ ಬಂದ ಮಾತನ್ನು ಆಧರಿಸಿ ತನ್ನ ಕೆಲಸವನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯ. ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ನಾವು ಕೊಡದೆ ಇರುವುದು ಅದನ್ನೇ.

ಇದೇ ಜಿಲ್ಲೆಯ ಇನ್ನೊಂದು ತುದಿಯನ್ನೂ ಮರೆಯುವಂತಿಲ್ಲ. 2014ರ ನವೆಂಬರಿನಲ್ಲಿ ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ 11 ನವಜಾತ ಶಿಶುಗಳು ಸತ್ತವು. ಮಕ್ಕಳ ಕಡಿಮೆ ತೂಕ, ದಿನ ತುಂಬದೆ ಹುಟ್ಟಿದ್ದು ಇಂಥ ಕಾರಣಗಳನ್ನು ಅಧಿಕಾರಿಗಳು ಕೊಟ್ಟರು. ಆ ಕಾರಣಗಳು ಸುಳ್ಳಲ್ಲ. ಆದರೆ ಜಿಲ್ಲಾ ಆಸ್ಪತ್ರೆಯ ಶಿಶು ಘಟಕ ಎನ್ನುವುದು ಕೆಳಗಿನ ಎಲ್ಲ ಆಸ್ಪತ್ರೆಗಳ ತಡ ಬಂದು ಸೇರುವ ಜಾಗ. ತಾಯಿಗೆ ರಕ್ತಹೀನತೆ ಇದ್ದದ್ದು ನಾಲ್ಕನೆಯ ತಿಂಗಳಲ್ಲೇ ಗೊತ್ತಿರುತ್ತದೆ, ಹದಿನೆಂಟರ ಒಳಗೆ ಮದುವೆಯಾದದ್ದು ಅದಕ್ಕೂ ಮುಂಚೆಯೇ ಗೊತ್ತಿರುತ್ತದೆ. ಕೊನೆಯ ಕೋಣೆಯಲ್ಲಿ ಸಾವು ಎಣಿಸಿದರೆ ತಪ್ಪೆಲ್ಲ ಆ ಕೋಣೆಯದೇ ಎಂದು ಕಾಣುತ್ತದೆ. ಎಣಿಕೆಯನ್ನು ಹಿಂದಕ್ಕೆ, ಊರಿನವರೆಗೆ ಒಯ್ಯದಿದ್ದರೆ ಹೊಸ ವಾರ್ಮರು, ಹೊಸ ವೆಂಟಿಲೇಟರು ಕೊಟ್ಟರೂ ಆ ಕೋಣೆ ಮತ್ತೆ ತುಂಬುತ್ತಲೇ ಇರುತ್ತದೆ.

ಗೆದ್ದ ಸುಧಾರಣೆಯೂ ಅರ್ಧ ದಾರಿಯಲ್ಲೇ ಇರುತ್ತದೆ ಎಂದೂ ಹೇಳಬೇಕು. 2004ರವರೆಗೆ ಧರ್ಮಪುರಿಯ ಭಾಗವೇ ಆಗಿದ್ದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ 2021ರ ಆಗಸ್ಟ್ 5ರಂದು 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಶುರುವಾಯಿತು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಗೇ ತಲುಪಿಸುವ ಯೋಜನೆ ಅದು. 2020ರ ಸಮೀಕ್ಷೆಯಲ್ಲಿ ತಮಿಳುನಾಡಿನ ಬಿಪಿ ರೋಗಿಗಳಲ್ಲಿ ಶೇ 7ರಷ್ಟು ಜನರಿಗೆ ಮಾತ್ರ ಅದು ಹತೋಟಿಯಲ್ಲಿತ್ತು. ಮಾತ್ರೆ ಮನೆಗೆ ಬರತೊಡಗಿದ ಮೇಲಿನ ಸಮೀಕ್ಷೆಯಲ್ಲಿ ಅದು ಶೇ 17ರ ಹತ್ತಿರ ಬಂತು. ದುಪ್ಪಟ್ಟಿಗೂ ಹೆಚ್ಚು, ಆದರೆ ನೂರರಲ್ಲಿ ಎಂಬತ್ತಕ್ಕೂ ಮೀರಿ ಜನ ಇನ್ನೂ ಹೊರಗಿದ್ದಾರೆ. ಹೆರಿಗೆಯ ವಿಷಯದಲ್ಲೂ ಹಾಗೆಯೇ. ಆಸ್ಪತ್ರೆಯ ಹೆರಿಗೆಯನ್ನು ಎಣಿಸಿದ ತಮಿಳುನಾಡಿನಲ್ಲಿ ಈಗ ಹೆಚ್ಚುಕಡಿಮೆ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲೇ ಆಗುತ್ತವೆ, ಆದರೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅವುಗಳಲ್ಲಿ ಶೇ 45ರಷ್ಟು ಸಿಸೇರಿಯನ್. ಎಣಿಸಿದ್ದು ಸುಧಾರಿಸಿತು, ಎಣಿಸದೆ ಬಿಟ್ಟದ್ದು ಬೆಳೆಯಿತು.

ಬಳ್ಳಾರಿಯ ಸಾವುಗಳ ನಂತರ ಕರ್ನಾಟಕ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸಂಭವಿಸಿದ 464 ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ಶೇ 70ಕ್ಕೂ ಹೆಚ್ಚು ತಡೆಯಬಹುದಾಗಿದ್ದವು ಎಂದು 2025ರಲ್ಲಿ ಸರ್ಕಾರವೇ ಹೇಳಿತು. ಇಷ್ಟು ನಿಜ ಬರೆದದ್ದು ದೊಡ್ಡ ವಿಷಯ, ಅದನ್ನು ಸಾರ್ವಜನಿಕವಾಗಿ ಒಪ್ಪಿಕೊಂಡದ್ದು ಇನ್ನೂ ದೊಡ್ಡದು. ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳಬೇಕಾದದ್ದು ಇಷ್ಟೇ. ಆಯಾ ತಾಲ್ಲೂಕಿನ ಸಾವುಗಳ ಬಗ್ಗೆ ಆ ಪರಿಶೀಲನೆ ಕಂಡುಕೊಂಡದ್ದನ್ನು, ಹೆಸರುಗಳನ್ನು ತೆಗೆದು, ಸರಳ ಕನ್ನಡದಲ್ಲಿ ಬರೆದು ಪ್ರತಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸುಗಳ ಕೈಗೆ ಕೊಡಿ. ಜೊತೆಗೆ, ಅದನ್ನು ಓದಿ ಏನು ಬೇಕೆಂದು ಅವರು ಬರೆದು ಕಳಿಸಿದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕಾದ ಅಧಿಕಾರಿ ಯಾರು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.